ಏನಂತೆ

ಮಫ್ಲರ್ ಕುತ್ತಿಗೆಗೆ ಚುಚ್ಚುತ್ತಿತ್ತು. ಬಿಸಿಲು ನೆತ್ತಿಗೇರುತ್ತಿದ್ದ ಹೊತ್ತು; ರಾಯಭಾರ ಕಚೇರಿಯ ಗೋಡೆಗುಂಟ ಸಾಲಾಗಿ ನಿಂತವರೆಲ್ಲ ಕಾಲರಿನ ಗುಂಡಿ ಬಿಚ್ಚಿ, ಕೈಗೆ ಸಿಕ್ಕಿದ ಕಾಗದದಿಂದ ಗಾಳಿ ಹಾಕಿಕೊಳ್ಳುತ್ತಿದ್ದರೆ, ಅವಳೊಬ್ಬಳು ಗಂಡನ ಉಣ್ಣೆಯ ಮಫ್ಲರನ್ನು ಬಿಗಿಯಾಗಿ ಸುತ್ತಿಕೊಂಡು ಚಳಿಜ್ವರದವಳ ಹಾಗೆ ನಿಂತಿದ್ದಳು. ಗಂಟಲು ಕಟ್ಟಿದೆ ಎಂದು ತೋರಿಸಿಕೊಳ್ಳಲು ಬೆಳಿಗ್ಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆದಿರಲಿಲ್ಲ. ಬೆವರು ಬೆನ್ನಿನ ಮೇಲೆ ಇಳಿಯುತ್ತಿತ್ತು. ಇಳಿಯಲಿ. ಬಾಯಿ ಬಿಡದಿದ್ದರೆ ಸಾಕು. ಅವಳ ಮುಖ ಈ ದೇಶದಲ್ಲಿ ಯಾರಿಗೂ ಗೊತ್ತಿಲ್ಲ, ಬೀದಿಯಲ್ಲಿ ಎದುರಾದರೆ ಯಾರೂ ತಿರುಗಿ ನೋಡುವುದಿಲ್ಲ, ಬಸ್ಸಿನಲ್ಲಿ ಕಾಲು ತುಳಿದವರು ಅವಳನ್ನೇ ಗದರಿಸುತ್ತಾರೆ. ಆದರೆ ತರಕಾರಿ ಅಂಗಡಿಯಲ್ಲಿ "ಈರುಳ್ಳಿ ಅರ್ಧ ಕಿಲೋ" ಎಂದರೆ ಮುಗಿಯಿತು, ತಕ್ಕಡಿ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. "ಅಯ್ಯೋ, ರೇಡಿಯೋದಮ್ಮ ಅಲ್ವಾ ನೀವು?" ಆಮೇಲೆ ಅಂಗಡಿಯಲ್ಲಿದ್ದವರೆಲ್ಲ ಸುತ್ತುವರಿಯುತ್ತಾರೆ, ಆ ಮಾತು ಒಂದು ಸಲ ಹೇಳಿಬಿಡಿ ಎಂದು ದುಂಬಾಲು ಬೀಳುತ್ತಾರೆ, ಅಂಗಡಿಯವನು ಎರಡು ಈರುಳ್ಳಿ ಹೆಚ್ಚಿಗೆ ಹಾಕುತ್ತಾನೆ. ಹಾಗೆ ಬಂದ ಈರುಳ್ಳಿಯನ್ನು ಅವಳು ಈಚೆಗೆ ಅಡಿಗೆಗೆ ಹಾಕುತ್ತಿರಲಿಲ್ಲ. ಬೇರೆ ಬುಟ್ಟಿಯಲ್ಲಿಟ್ಟು, ಮೊಳಕೆ ಬಂದ ಮೇಲೆ ಎಸೆಯುತ್ತಿದ್ದಳು.

ಆ ದನಿ ಇವತ್ತು ಈ ಸಾಲಿನಲ್ಲಿ, ದೇಶ ಬಿಟ್ಟು ಹೊರಟವರ ಸಾಲಿನಲ್ಲಿ ಹೊರಬಿದ್ದರೆ? ಗಂಡನಿಗೆ ಹೋದ ವಾರವೇ ಒಪ್ಪಿಗೆ ಸಿಕ್ಕಿದೆ. ಇವತ್ತು ಅವಳದು, ಅವಳ ಜೊತೆಗೆ ಮಗಳದು. ಈ ಕಚೇರಿಯೂ ಸದ್ಯದಲ್ಲೇ ಬಾಗಿಲು ಹಾಕುತ್ತದೆ ಎಂಬ ಮಾತು ಊರೆಲ್ಲ ಹಬ್ಬಿತ್ತು; ಇವತ್ತು ತಪ್ಪಿದರೆ ತಪ್ಪಿತು. ಕಿಟಕಿಯ ಮುಂದೆ ಎರಡು ಮಾತು ಮೆಲ್ಲಗೆ ಆಡಿ, ಮುದ್ರೆ ಒತ್ತಿಸಿಕೊಂಡು, ತಲೆ ತಗ್ಗಿಸಿ ಹೊರಬಂದುಬಿಟ್ಟರೆ ಆಯಿತು. ಆಕಾಶವಾಣಿಗೆ ಗಂಟಲು ಕೆಟ್ಟಿದೆ ಎಂದು ಹೇಳಿ ಕಳಿಸಿದ್ದಳು. ಅದು ಅಷ್ಟೇನೂ ಸುಳ್ಳಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಿದ್ದಳು.

"ಮಾತು ಬರಲ್ವಾ ಅಕ್ಕ?" ಎಂದು ಹಿಂದೆ ನಿಂತವನು ಕೇಳಿದ.

ಅವಳು ಗಂಟಲು ಮುಟ್ಟಿ ತೋರಿಸಿ ತಲೆಯಾಡಿಸಿದಳು. ಗಂಟಲು ನೋವು ಎಂಬುದು ಅವಳ ಅರ್ಥ. ಹುಟ್ಟು ಮೂಗಿ ಎಂದು ಅವನು ತಿಳಿದುಕೊಂಡ. ಮಾತು ಬರದವರಿಗೆ ಕಿವಿಯೂ ಮಂದ ಎಂದು ಅವನ ಲೆಕ್ಕಾಚಾರ ಇರಬೇಕು, ತಕ್ಷಣ ದನಿ ಏರಿಸಿ, ಕೈಬಾಯಿ ತಿರುಗಿಸುತ್ತ ಶುರು ಮಾಡಿದ. "ನಾನು! ಪುರಭವನದ! ಗಡಿಯಾರ!" ಎಂದು ಬಲಗೈಯನ್ನು ಮುಳ್ಳಿನ ಹಾಗೆ ಒಂದು ಸುತ್ತು ತಿರುಗಿಸಿದಾಗ ಸಾಲಿನಲ್ಲಿದ್ದವರು ನಕ್ಕರು. ಮುಂದೆ ನಿಂತಿದ್ದ ನರ್ಸ್ ಹುಡುಗಿಯೂ ಹಿಂತಿರುಗಿ ನಕ್ಕಳು. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು, "ಏನಂತೆ?" ಎಂದಳು. "ಏನಿಲ್ಲ ಅತ್ತೆ, ಗಡಿಯಾರದವರಂತೆ," ಎಂದು ಸಾಲಿನಲ್ಲಿ ನಿಂತಿದ್ದ ಅವಳ ಸೊಸೆ ಸಾಕಾದ ದನಿಯಲ್ಲಿ ಹೇಳಿದಳು. ಬೆಳಿಗ್ಗೆಯಿಂದ ಹೀಗೇ ನಡೆದಿತ್ತು. ಕಾವಲಿನವನು ಕೆಮ್ಮಿದರೂ ಮುದುಕಿ ಏನಂತೆ ಎನ್ನುತ್ತಿದ್ದಳು, ಸೊಸೆ ಕೆಮ್ಮಂತೆ ಎನ್ನುತ್ತಿದ್ದಳು.

ಏನಂತೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳ ಒಳಗೆ ಏನೋ ಮುದುಡಿಕೊಳ್ಳುತ್ತಿತ್ತು. ದೇಶ ಬಿಡುಗಡೆಯಾದ ಆ ದಿನವೂ ಹೀಗೇ ಒಬ್ಬ ಮುದುಕಿ, ಆಕಾಶವಾಣಿಯ ಮೆಟ್ಟಿಲ ಮೇಲೆ ಕುಳಿತು, ಹೋಗುವವರನ್ನೆಲ್ಲ ತಡೆದು ಕೇಳುತ್ತಿದ್ದಳು, ಏನಂತೆ, ಏನಂತೆ. ಇವಳು ಆಗಷ್ಟೇ ಸ್ಟುಡಿಯೋದಿಂದ ಹೊರಬಂದಿದ್ದಳು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಬೀದಿ ತುಂಬ ಜನ ಗುರುತಿಲ್ಲದವರನ್ನು ತಬ್ಬಿಕೊಳ್ಳುತ್ತಿದ್ದರು, ಯಾರೋ ಅವಳನ್ನೂ ತಬ್ಬಿ, "ಕೇಳಿದ್ಯಾ ತಂಗಿ, ರೇಡಿಯೋದಲ್ಲಿ ಕೇಳಿದ್ಯಾ?" ಎಂದು ಅವಳನ್ನೇ ಕೇಳಿ ಓಡಿದ್ದರು. ಅವಳು ಎರಡು ವರ್ಷದಿಂದ ಕೋರಿಕೆಯ ಹಾಡುಗಳ ಕಾರ್ಯಕ್ರಮ ನಡೆಸುತ್ತಿದ್ದವಳು. ನಿಮ್ಮ ನಿಲಯ, ನಿಮ್ಮ ಕಾರ್ಯಕ್ರಮ, ನಿಮ್ಮ ಮೆಚ್ಚಿನ ಹಾಡು. ನಾಲಗೆಗೆ 'ನಿಮ್ಮ' ಅಂಟಿಹೋಗಿತ್ತು. ವಾರ್ತೆ ಓದುವ ಹಿರಿಯರು ಬೀದಿಯ ಗದ್ದಲದಲ್ಲಿ ಸಿಕ್ಕಿಕೊಂಡು ಬರಲಾಗದೆ, ನಿಲಯದ ನಿರ್ದೇಶಕರು ಇವಳ ಕೈಗೆ ಕಾಗದ ತುರುಕಿ ಮೈಕಿನ ಮುಂದೆ ಕೂರಿಸಿದ್ದರು. ಕಾಗದದಲ್ಲಿ ಇದ್ದದ್ದು, 'ಇಂದಿನಿಂದ ಈ ದೇಶ ನಮ್ಮದು.' ಅವಳು ಓದಿದ್ದು, "ಇಂದಿನಿಂದ ಈ ದೇಶ ನಿಮ್ಮದು." ಓದಿದ ಕೂಡಲೇ ತಪ್ಪು ತಿಳಿಯಿತು. ತಪ್ಪು ಓದಿದರೆ 'ಕ್ಷಮಿಸಿ' ಎಂದು ಸರಿಯಾದ ವಾಕ್ಯವನ್ನು ಮತ್ತೆ ಓದಬೇಕು, ಅದು ನಿಲಯದ ನಿಯಮ. ಬಾಯಿ ತೆರೆದಳು. ಗಾಜಿನ ಆಚೆ ನಿರ್ದೇಶಕರು ಕೈ ಎತ್ತಿ ಬೇಡ ಬೇಡ ಎಂದರು, ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹಾಗಾಗಿ ತಪ್ಪು ಹಾಗೇ ಉಳಿಯಿತು. ಉಳಿದು, ಶಾಲೆಯ ಪುಸ್ತಕಕ್ಕೆ ಬಂತು, ಗೋಡೆಯ ಮೇಲೆ ಬಂತು, ಬೆಂಕಿಪೊಟ್ಟಣದ ಮೇಲೂ ಬಂತು. ಬೇರೆಯವರಾಗಿದ್ದರೆ ನಮ್ಮದು ನಮ್ಮದು ಎಂದು ಎದೆ ತಟ್ಟಿಕೊಳ್ಳುತ್ತಿದ್ದರು, ಈ ತಾಯಿ ಎತ್ತಿ ನಮ್ಮ ಕೈಗೇ ಕೊಟ್ಟರು ಎಂದು ಜನ ಅತ್ತರು. ಮೆಟ್ಟಿಲ ಮೇಲಿನ ಮುದುಕಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಕೂಗಿ ಹೇಳಿದ: "ದೇಶ ನಮ್ಮದಂತೆ ಅಜ್ಜೀ!" ಅವನ ಬಾಯಲ್ಲಿ ವಾಕ್ಯ ಸರಿಹೋಗಿತ್ತು. 'ಅಂತೆ' ಸೇರಿದ ಕೂಡಲೇ ನಿಮ್ಮದು ನಮ್ಮದಾಗಿತ್ತು. ಇಡೀ ದೇಶದಲ್ಲಿ ಅದನ್ನು ನಮ್ಮದು ಎಂದು ಹೇಳದೆ ಉಳಿದವಳು ತಾನೊಬ್ಬಳೇ ಎಂದು ಅವಳಿಗೆ ಆಗ ನಗು ಬಂದಿತ್ತು. ಈಗ ಬರುತ್ತಿರಲಿಲ್ಲ.

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಎದುರಿನ ಸೈಕಲ್ ರಿಪೇರಿ ಅಂಗಡಿಯಲ್ಲಿ ಹಲಗೆಯ ಮೇಲಿನ ರೇಡಿಯೋ ಯಾವುದೋ ವಾದ್ಯ ನುಡಿಸುತ್ತಿತ್ತು, ಪಂಪು ಹೊಡೆಯುವವನು ಅದರ ತಾಳಕ್ಕೆ ಗಾಳಿ ತುಂಬುತ್ತಿದ್ದ. ಗಡಿಯಾರದವ ತನ್ನ ಕಥೆಯನ್ನು ಮುಂದುವರಿಸಿದ್ದ. "ಮೊದಲನೇ ವರ್ಷದ ಮೆರವಣಿಗೆ ಅಕ್ಕ, ಹತ್ತಕ್ಕೆ ಅಂತ ಹೇಳಿದ್ರು. ದೊಡ್ಡವರು ಬಂದಿದ್ದು ಹನ್ನೊಂದು ದಾಟಿದ ಮೇಲೆ. ಒಬ್ಬ ಅಧಿಕಾರಿ ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಬಂದ. ಮುಳ್ಳು ಹಿಂದಕ್ಕೆ ತಿರುಗಿಸಯ್ಯಾ ಅಂದ. ತಮಾಷೆ ಅಂದ್ಕೊಂಡೆ. ತಿರುಗಿಸಿದೆ. ನನ್ನ ತಪ್ಪೇ ಅದು, ತಮಾಷೆ ಅಂದ್ಕೊಂಡಿದ್ದು. ಈಗ ಏನಾಗಿದೆ, ಅವರು ಯಾವಾಗ ಬಂದರೆ ಆಗ ಹತ್ತು. ಕೆಳಗಡೆ ಮಕ್ಕಳು ಬಿಸಿಲಲ್ಲಿ ಬಾವುಟ ಹಿಡ್ಕೊಂಡು ತಲೆ ತಿರುಗಿ ಬೀಳ್ತಾ ಇರ್ತಾರೆ, ಮೇಲೆ ನಾನು ಹತ್ತು ಗಂಟೆ ಆಗದೇ ಇರೋ ಹಾಗೆ ಮುಳ್ಳು ಹಿಡ್ಕೊಂಡು ನಿಂತಿರ್ತೀನಿ. ಕೈಯಲ್ಲಿ ಹಿಡ್ಕೊಂಡು! ಅದು ಎಳೀತಾ ಇರುತ್ತೆ ಅಕ್ಕ, ಮುಂದೆ ಹೋಗ್ತೀನಿ ಅಂತ." ಈ ಸಲ ಯಾರೂ ನಗಲಿಲ್ಲ. "ದೇಶ ನಿಮ್ಮದು ಕಣಯ್ಯ, ಹಿಡ್ಕೋ," ಎಂದು ಹಿಂದಿನಿಂದ ಯಾರೋ ಅಂದಾಗ ನಕ್ಕರು. ಆ ಮಾತು ಈಗ ಊರಿನ ಜೋಕಾಗಿತ್ತು. ನಲ್ಲಿಯಲ್ಲಿ ನೀರು ಬರದಿದ್ದರೆ, ಬಸ್ಸು ಕೆಟ್ಟು ನಿಂತರೆ, ಪಡಿತರದ ಅಕ್ಕಿಯಲ್ಲಿ ಕಲ್ಲು ಸಿಕ್ಕರೆ, ದೇಶ ನಿಮ್ಮದು, ಇಟ್ಕೊಳ್ಳಿ. ಹೇಳುವವರು ಅವಳ ದನಿಯನ್ನೇ ಅಣಕಿಸಿ, 'ನಿಮ್ಮದು' ಎನ್ನುವಾಗ ಸ್ವಲ್ಪ ರಾಗ ಎಳೆಯುತ್ತಿದ್ದರು. ಒಮ್ಮೆ ಮಗಳೂ ಹಾಗೆ ಅಣಕಿಸಿ, ತಾಯಿಯ ಮುಖ ನೋಡಿ, ಊಟದ ತಟ್ಟೆ ಬಿಟ್ಟು ಎದ್ದು ಹೋಗಿದ್ದಳು.

ನೀರಿನ ಮಾತು ಬಂದರೆ ಅವಳಿಗೆ ಗಂಡ ನೆನಪಾಗುತ್ತಿದ್ದ. ಕಾಲೇಜಿನಲ್ಲಿ ಇತಿಹಾಸ ಹೇಳುವ ಮನುಷ್ಯ, ಹೋರಾಟದ ಕಾಲದ ಪಾಠ ಮಾಡುವಾಗ ಈಗಿನ ಮಂತ್ರಿಯೊಬ್ಬರ ಹೆಸರು ಎಲ್ಲೂ ಬರುವುದಿಲ್ಲವಲ್ಲ ಎಂದು ಹುಡುಗರು ಕೇಳಿದರು, ಬರುವುದಿಲ್ಲ ಎಂದು ಇವನು ಹೇಳಿದ, ಅಷ್ಟೆ. ಒಂದು ಮಧ್ಯಾಹ್ನ ಕರೆದುಕೊಂಡು ಹೋಗಿ ಸಂಜೆಗೆ ಕಳಿಸಿದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಏನು ಕೇಳಿದರು ಎಂದರೆ, ಮನೆಯಲ್ಲಿ ನಾವಾಡುವ ಮಾತನ್ನೆಲ್ಲ ನನಗೇ ಓದಿ ಹೇಳಿದರು ಎಂದ. ಅಂದಿನಿಂದ ಅವನು ನಲ್ಲಿ ಬಿಡದೆ ಮಾತಾಡುವುದಿಲ್ಲ. ಬಕೆಟ್ಟಿಗೆ ನೀರು ಧೋ ಎಂದು ಬೀಳುತ್ತಿರುವಾಗ ಮಾತ್ರ ಗಂಡಹೆಂಡಿರ ಸಂಸಾರ. ನೀರು ಬರುವುದೋ ಬೆಳಿಗ್ಗೆ ಅರೆಗಳಿಗೆ. ಆ ಅರೆಗಳಿಗೆಯಲ್ಲೇ ಮಗಳ ಶಾಲೆ, ಮನೆಯ ಖರ್ಚು, ಪ್ರೀತಿ, ಜಗಳ, ದೇಶ ಬಿಡುವ ವಿಚಾರ ಎಲ್ಲ ಮುಗಿಯಬೇಕು. ಎಷ್ಟೋ ಸಲ ಜಗಳ ಅರ್ಧಕ್ಕೆ ಬಂದಾಗ ನಲ್ಲಿ ಗೊರಗೊರ ಎಂದು ನಿಂತುಬಿಡುತ್ತಿತ್ತು, ಇಬ್ಬರೂ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು, ಉಳಿದ ಸಿಟ್ಟನ್ನು ಮರುದಿನದವರೆಗೆ ಹೊತ್ತು ತಿರುಗುತ್ತಿದ್ದರು. "ನಿನಗೇನು ಕಷ್ಟ ಇಲ್ಲಿ?" ಎಂದು ಒಂದು ಬೆಳಿಗ್ಗೆ ಅವನು ಕೇಳಿದ್ದ. "ನನ್ನನ್ನ ಬಿಡು. ನಿನ್ನ ದನಿ ಕೇಳಿದ್ರೆ ಪೋಲೀಸಿನವನೂ ಎದ್ದು ನಿಲ್ತಾನೆ." ಅದಕ್ಕೇ ಹೋಗಬೇಕು ಎಂದು ಅವಳು ಹೇಳುವಷ್ಟರಲ್ಲಿ ನೀರು ನಿಂತಿತ್ತು. ಮರುದಿನ ಆ ಮಾತು ಎತ್ತಲು ಮನಸ್ಸಾಗಲಿಲ್ಲ. ಗಂಡ ಆ ದೂರದ ದೇಶವನ್ನು ಆರಿಸಿದ್ದು ಅಲ್ಲಿ ಹೆದರಿಕೆಯಿಲ್ಲ ಎಂದು. ಅವಳು ಒಪ್ಪಿದ್ದು ಅಲ್ಲಿನ ಭಾಷೆಯ ಒಂದಕ್ಷರವೂ ತನಗೆ ಗೊತ್ತಿಲ್ಲ ಎಂದು. ಅಲ್ಲಿ ಅವಳು ಯಾವುದಾದರೂ ಹೋಟೆಲಿನ ಹಿಂದೆ ತಟ್ಟೆ ತೊಳೆಯುತ್ತಾಳೆ, ಏನು ಹೇಳಿದರೂ ಯಾರಿಗೂ ತಿಳಿಯುವುದಿಲ್ಲ, ತಿಳಿಯದಿದ್ದ ಮೇಲೆ ನಂಬುವ ಪ್ರಶ್ನೆಯೇ ಇಲ್ಲ. ಯಾರೂ ನಂಬದ ಕಡೆ ಹೋಗಿ ಬದುಕಬೇಕು ಎಂದು ಅವಳಿಗೆ ಹಸಿವಿನಷ್ಟೇ ನಿಜವಾಗಿ ಅನಿಸುತ್ತಿತ್ತು.

"ನೀವ್ಯಾಕೆ ಹೊರಟಿದ್ದೀರಿ ಸಿಸ್ಟರ್?" ಎಂದು ಗಡಿಯಾರದವ ಈಗ ನರ್ಸನ್ನು ಮಾತಿಗೆಳೆದಿದ್ದ. "ಔಷಧಿ ಕಪಾಟಿಗೆ ಬೀಗ ಹಾಕಿರ್ತಾರೆ," ಎಂದಳು ಹುಡುಗಿ. "ಬೀಗದ ಕೈ ಮೇಲಿನವರ ಅಳಿಯನ ಹತ್ತಿರ. ಅಳಿಯ ಎಲ್ಲಿರ್ತಾನೆ ಅಂತ ಯಾರಿಗೂ ಗೊತ್ತಿರಲ್ಲ." ಅವಳು ಇನ್ನೂ ಏನೋ ಹೇಳಲಿದ್ದಳು, ಹೇಳದೆ, ಚಪ್ಪಲಿಯ ತುದಿಯಿಂದ ನೆಲದ ಕಲ್ಲೊಂದನ್ನು ಸರಿಸಿ, "ಕಪಾಟು ಗಾಜಿನದು. ಒಳಗಡೆ ಔಷಧಿ ಕಾಣ್ತಾ ಇರುತ್ತೆ," ಎಂದು ಮಾತ್ರ ಅಂದಳು. ಗಡಿಯಾರದವ ತನ್ನ ಕೈಗಡಿಯಾರಕ್ಕೆ ಕೀಲಿ ಕೊಟ್ಟ. ಅವನಿಂದ ಸುಮ್ಮನಿರಲು ಆಗುವುದಿಲ್ಲ ಎಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. "ನಂದು ಇನ್ನೂ ಗಟ್ಟಿ ಆಗಿಲ್ಲ ನೋಡಿ. ಬರ್ತೀನಿ, ಸಾಲಲ್ಲಿ ನಿಲ್ತೀನಿ, ಕಿಟಕಿ ಹತ್ತಿರ ಬಂದ ಕೂಡ್ಲೆ ವಾಪಸ್ ಹೋಗ್ತೀನಿ. ನನ್ನ ಹೆಂಡತಿ ಒಪ್ಪಲ್ಲ. ಅವಳದ್ದೊಂದು ಹಟ. ಮಧ್ಯಾಹ್ನ ವಾರ್ತೇಲಿ ಆ ಅಮ್ಮನ ದನಿ ಬರ್ತಾ ಇರೋವರೆಗೂ ಏನೂ ಆಗಲ್ಲ ಅಂತಾಳೆ. ಆ ಅಮ್ಮ ಇಲ್ಲೇ ಇದ್ದಾರಲ್ಲ, ಅವರಿಗಿಂತ ನಾವು ಹೆಚ್ಚಾ, ಅವರಿಗೆ ಗೊತ್ತಿಲ್ಲದೇ ಇರೋದು ನಮಗೆ ಗೊತ್ತಾ ಅಂತಾಳೆ. ನಾನೂ ಅಷ್ಟೇ ಅನ್ನಿ, ನನ್ನ ಕೈಗಡಿಯಾರಾನ ಈಗಲೂ ಅವರ ದನಿಗೇ ಸರಿ ಮಾಡ್ಕೊಳ್ಳೋದು. ಊರಲ್ಲಿ ಅದೊಂದೇ ಸರಿಯಾದ ಹೊತ್ತು." ಅವಳು ಮಫ್ಲರಿನೊಳಗೆ ಗಲ್ಲ ಇಳಿಸಿಕೊಂಡಳು. ದೊಡ್ಡವರ ಭಾಷಣ ತಡವಾದ ದಿನಗಳಲ್ಲಿ ಹೊತ್ತನ್ನೂ ಅವಳು ಕಾಗದದಲ್ಲಿ ಬರೆದಂತೆಯೇ ಓದಿದ್ದಳು. ಸ್ಟುಡಿಯೋದ ಗಡಿಯಾರಕ್ಕೆ ಆಗ ಕರವಸ್ತ್ರ ಹೊದಿಸುತ್ತಿದ್ದರು.

ಹೊತ್ತು ತಪ್ಪು ಓದಿದ್ದಕ್ಕೆ ಯಾರೂ ಸಾಯುವುದಿಲ್ಲ. ಆದರೆ ದರ್ಜಿ ಸತ್ತಿದ್ದ. ಕೆಳಗಿನ ಮನೆಯ ದರ್ಜಿ, ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವವನು, ಮಗಳ ಅಳತೆ ತೆಗೆದುಕೊಳ್ಳುವಾಗ ಪ್ರತಿ ವರ್ಷವೂ "ಈ ಹುಡುಗಿ ನನ್ನ ಬಟ್ಟೆ ನುಂಗ್ತಾ ಇದೆ" ಎನ್ನುವವನು. ಗಿರಣಿ ಕಾರ್ಮಿಕರ ಮುಷ್ಕರ ಮಾರುಕಟ್ಟೆಗೆ ಬಂದಿತ್ತು, ಸೈನ್ಯವೂ ಬಂದಿತ್ತು. ಸ್ಟುಡಿಯೋದ ಹಜಾರದ ಕಿಟಕಿಯಿಂದ ಹೊಗೆ ಕಾಣುತ್ತಿತ್ತು. ಕಾಗದದಲ್ಲಿ, 'ಮಾರುಕಟ್ಟೆ ಪ್ರದೇಶ ಸಂಪೂರ್ಣ ಶಾಂತವಾಗಿದೆ. ಅಂಗಡಿಗಳು ಎಂದಿನಂತೆ ತೆರೆದಿವೆ' ಎಂದಿತ್ತು. "ಸಾರ್, ಹೊಗೆ ಕಾಣ್ತಾ ಇದೆ," ಎಂದಳು. ನಿರ್ದೇಶಕರು, ಅಂದು ಗಾಜಿನ ಆಚೆ ಅತ್ತಿದ್ದ ಅದೇ ನಿರ್ದೇಶಕರು, ಅವಳ ಭುಜ ಹಿಡಿದು ಮೆಲ್ಲಗೆ ತಿರುಗಿಸಿದರು. "ಕಿಟಕಿ ನೋಡಬೇಡಮ್ಮ. ಕಾಗದ ನೋಡು." ಅವಳು ಕಾಗದ ನೋಡಿದಳು. ದನಿ ನಡುಗಲಿಲ್ಲ. ನಡುಗಿದ್ದರೆ ತನ್ನನ್ನು ತಾನು ಹೇಗೋ ಸಹಿಸಿಕೊಳ್ಳುತ್ತಿದ್ದಳು. ನಡುಗಲಿಲ್ಲ ಮಾತ್ರವಲ್ಲ, 'ಸಂಪೂರ್ಣ' ಎಂಬ ಪದ ನಾಲಗೆಯಿಂದ ಬಿಡಿಸಿಕೊಂಡು ದುಂಡಗೆ ಹೊರಬಂದಾಗ ಒಂದು ಕ್ಷಣ ಖುಷಿಯಾಗಿತ್ತು, ಚೆನ್ನಾಗಿ ಬಂತು ಎಂದು. ಆ ಖುಷಿಯನ್ನು ಅವಳು ಯಾರಿಗೂ ಹೇಳಿಲ್ಲ, ನೀರಿನ ಸದ್ದಿನಲ್ಲೂ ಹೇಳಿಲ್ಲ. ಕೆಲವು ದಿನ ಕಳೆದು ದರ್ಜಿಯ ಹೆಂಡತಿ ಮೇಲೆ ಬಂದಳು. ಮಗಳ ಶಾಲೆಯ ಅಂಗಿಯನ್ನು ಮಡಿಸಿ ತಂದಿದ್ದಳು, ಅದಕ್ಕೆ ಒಂದೇ ತೋಳು ಇತ್ತು. "ಉಳಿದಿದ್ದು ಬೇರೆ ಕಡೆ ಹೊಲಿಸ್ಕೊಳ್ಳಿ ಅಮ್ಮ. ಅಂಗಡಿ ತೆಗೆಯೋದು ಬೇಡ ಅಂತ ಕೂತಿದ್ರು ಅವರು. ಶಾಂತವಾಗಿದೆಯಂತೆ ಅಂತ ನಾನೇ ಹೇಳಿದೆ, ಈಗ ತಾನೆ ಮೇಲಿನಮ್ಮ ಹೇಳಿದ್ರು ಅಂತ. ಹಾಗಾದ್ರೆ ಸರಿ ಅಂತ ಹೋದ್ರು." ಅದರಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ, ಅಂಗಿಯನ್ನು ಕುರ್ಚಿಯ ಮೇಲಿಟ್ಟು, ಕೆಳಗಿಳಿದು ಹೋದಳು. ಬೈದಿದ್ದರೆ, ಕೂದಲು ಹಿಡಿದು ಎಳೆದಿದ್ದರೆ, ಈ ದೇಶದಲ್ಲೇ ಎಲ್ಲೋ ಒಂದು ಮೂಲೆಯಲ್ಲಿ ಬದುಕಿಕೊಳ್ಳಬಹುದಿತ್ತು. ಆ ಹೆಂಗಸು ಈಗಲೂ ಮಧ್ಯಾಹ್ನ ವಾರ್ತೆ ಕೇಳುತ್ತಾಳೆ. ಕೆಳಗಿನ ಮನೆಯಿಂದ ತನ್ನದೇ ದನಿ ಮೆಟ್ಟಿಲು ಹತ್ತಿ ಬರುತ್ತದೆ ಎಂದು ಮಗಳು ಹೇಳಿದ್ದಳು.

ವಾದ್ಯ ನಿಂತಿತು. ವಾರ್ತೆಯ ಹೊತ್ತು. ಸಾಲಿನಲ್ಲಿ ಮಾತು ತಾನಾಗಿ ತಗ್ಗಿತು, ಸೈಕಲ್ ಅಂಗಡಿಯವನು ಪಂಪು ಬಿಟ್ಟು ರೇಡಿಯೋದ ತಿರುಪು ತಿರುಗಿಸಿ ಸದ್ದು ಹೆಚ್ಚಿಸಿದ, ಗಡಿಯಾರದವ ಕೈಗಡಿಯಾರವನ್ನು ಕಣ್ಣ ಹತ್ತಿರ ಹಿಡಿದು ಕಾದ. ಬಂದದ್ದು ಹುಡುಗನೊಬ್ಬನ ದನಿ. ಅವಳೇ ಉಚ್ಚಾರಣೆ ತಿದ್ದಿದ ಹುಡುಗ. ಅವನ ಗಂಟಲು ಒಣಗಿರುವುದು ಅವಳಿಗೆ ಇಲ್ಲಿಂದಲೇ ತಿಳಿಯುತ್ತಿತ್ತು. ಗಡಿಯಾರದವನ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು. "ಇದ್ಯಾರು?" ಎಂದ. "ಅಮ್ಮ ಎಲ್ಲಿ?" ಯಾರಿಗೆ ಗೊತ್ತು. ರಜಾ ಇರಬಹುದು. ಅವರಿಗೆಂಥ ರಜಾ ರೀ, ಹೆರಿಗೆಯಾದ ವಾರಕ್ಕೇ ಬಂದು ಓದಿದವರು. ಹುಷಾರಿಲ್ಲವೇನೋ. ಹುಷಾರಿಲ್ಲ ಅಂದ್ರೆ ಅವರೇ ಬಂದು ಹುಷಾರಿಲ್ಲ ಅಂತ ಓದ್ತಾರೆ. ಇದಕ್ಕೆ ಒಂದಿಬ್ಬರು ನಕ್ಕರು, ನಗು ಬೇಗ ಆರಿತು. ಹಿಂದಿನಿಂದ ಮಾತು ತೆವಳುತ್ತ ಬಂತು: ಹಿಡ್ಕೊಂಡು ಹೋದರಂತೆ. ಗಂಡನ್ನ ಮೊದಲು ಕರ್ಕೊಂಡು ಹೋಗಿದ್ರಂತೆ. ಅದು ಸಾಲಿನ ಮುಂದಕ್ಕೆ ಹೋಗಿ, ಕಾವಲಿನವನನ್ನು ಮುಟ್ಟಿ, ತಿರುಗಿ ಅವಳ ಹತ್ತಿರ ಬರುವ ಹೊತ್ತಿಗೆ ಅವಳು ಸತ್ತೇ ಹೋಗಿದ್ದಳು. "ಏನಂತೆ?" ಎಂದಳು ಬೆಂಚಿನ ಮುದುಕಿ. "ರೇಡಿಯೋದಮ್ಮ ಹೋಗಿಬಿಟ್ರಂತೆ ಅತ್ತೆ," ಎಂದಳು ಸೊಸೆ, ಈ ಸಲ ಸಾಕಾದ ದನಿಯಲ್ಲಲ್ಲ. ಮುದುಕಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ನರ್ಸ್ ಹುಡುಗಿ ಸದ್ದಿಲ್ಲದೆ ಅಳುತ್ತಿದ್ದಳು. ಅವಳ ಬೆನ್ನು ಒಂದು ಮೊಳದಷ್ಟೇ ದೂರದಲ್ಲಿತ್ತು, ಮುಟ್ಟಿ ಸಮಾಧಾನ ಮಾಡಬಹುದಿತ್ತು. ಅಳಬೇಡ, ನಾನು ಇಲ್ಲೇ ಇದ್ದೇನೆ. ಇಲ್ಲೇ, ನಿನ್ನ ಹಿಂದೆ, ಇದೇ ಸಾಲಿನಲ್ಲಿ. ಅವಳು ತನ್ನ ಎರಡು ಕೈಗಳನ್ನೂ ಮಫ್ಲರಿನ ತುದಿಗೆ ಸುತ್ತಿ ಹಿಡಿದುಕೊಂಡಳು. ಸತ್ತದ್ದು ಒಳ್ಳೆಯದೇ ಆಯಿತು ಎಂಬ ಯೋಚನೆ ಬಂತು, ಅದರ ಬೆನ್ನಿಗೇ, ತನಗಾಗಿ ಇಷ್ಟು ಜನ ಅಳುತ್ತಾರೆ ಎಂಬ ಒಂದು ಹಲ್ಕಾ ಸಂತೋಷವೂ ಬಂತು. ಆ 'ಸಂಪೂರ್ಣ' ಎಂಬ ಪದದ ಸಂತೋಷದ ಜಾತಿಯದೇ. ತಾನು ಎಂಥ ಹೆಂಗಸು ಎಂದು ಅವಳಿಗೆ ಹೇಸಿಗೆಯಾಯಿತು.

ಅಷ್ಟರಲ್ಲಿ ನರ್ಸಿನ ಸರದಿ ಬಂದು ಮುಗಿದೇಹೋಗಿತ್ತು. ಕಾವಲಿನವನು ಇವಳ ಮೊಣಕೈ ಮುಟ್ಟಿ ಕಿಟಕಿಯ ಕಡೆ ತೋರಿಸಿದ. ಗೇಟಿಗೆ ಅಂಟಿಕೊಂಡೇ ಇದ್ದ ಕಿಟಕಿ, ದಪ್ಪ ಗಾಜು, ನಡುವೆ ಬೆರಳು ತೂರುವಷ್ಟು ತೂತುಗಳು. ಒಳಗೆ ಈ ಊರಿನವನೇ ಒಬ್ಬ ಗುಮಾಸ್ತ, ಅವನ ಹಿಂದೆ ಮೇಜಿನಲ್ಲಿ ಆ ದೇಶದ ಸಾಹೇಬ. ಅವಳು ಕಾಗದಗಳನ್ನು ಕೆಳಗಿನ ಕಂಡಿಯಲ್ಲಿ ತಳ್ಳಿ, ತುಟಿಯನ್ನು ತೂತುಗಳ ಹತ್ತಿರ ತಂದು ಪಿಸುಗುಟ್ಟಿದಳು.

"ಕೇಳಿಸ್ತಾ ಇಲ್ಲ," ಎಂದ ಗುಮಾಸ್ತ.

ಮತ್ತೆ ಪಿಸುಗುಟ್ಟಿದಳು, ಗಂಟಲು ತೋರಿಸಿದಳು.

"ಇಲ್ಲಿಗೆ ಬಂದ ಕೂಡ್ಲೆ ಎಲ್ಲರಿಗೂ ಗಂಟಲು ನೋವು. ಕದ್ದು ಓಡಿಹೋಗೋರ ಹಾಗೆ ಯಾಕ್ರೀ ಆಡ್ತೀರಿ? ಹೇಳ್ಬೇಕಾದ್ದು ಎರಡೇ ಮಾತು. ಸಂಸಾರ ಸಮೇತ ಹೋಗ್ತಾ ಇದ್ದೀರಾ, ವಾಪಸ್ ಬರೋ ಉದ್ದೇಶ ಇದೆಯಾ. ಸಾಹೇಬರ ಕಿವಿಗೆ ಬೀಳೋ ಹಾಗೆ ಬಾಯಿ ಬಿಟ್ಟು ಹೇಳ್ಬೇಕು. ಆಗಲ್ಲ ಅಂದ್ರೆ ಪಕ್ಕಕ್ಕೆ ಬನ್ನಿ, ಹಿಂದೆ ಜನ ಇದ್ದಾರೆ." ಅವನು ಆಗಲೇ ಕಾಗದಗಳನ್ನು ಕಂಡಿಯ ಕಡೆ ಸರಿಸುತ್ತಿದ್ದ. ಎಲ್ಲಕ್ಕಿಂತ ಮೇಲಿದ್ದುದು ಮಗಳ ಫೋಟೋ. ಫೋಟೋದವನು ನಗಬೇಡ ಎಂದಿದ್ದ, ಮಗಳು ನಗದೆ ಇರಲು ಕಷ್ಟಪಟ್ಟು ಕೆನ್ನೆ ಕಚ್ಚಿಕೊಂಡಿದ್ದಳು. ಅದು ಕಂಡಿಯ ಅಂಚಿಗೆ ಬಂತು. ಅವಳು ಮಫ್ಲರನ್ನು ಸಡಿಲಿಸಿದಳು. ಜೋರಾಗಿ ಮಾತಾಡುವುದು ಎಂದರೆ ಅವಳಿಗೆ ಗೊತ್ತಿದ್ದುದು ಒಂದೇ ರೀತಿ. ಮನೆಯಲ್ಲಿ ಅವಳು ಮಗಳನ್ನು ಗದರಿಸುವುದು ಕೂಡ ಮೆಲುದನಿಯಲ್ಲಿ. ಬೆನ್ನು ತಾನಾಗಿ ನೆಟ್ಟಗಾಯಿತು, ಗಲ್ಲ ಮೇಲೆದ್ದಿತು, ಉಸಿರು ಹೊಟ್ಟೆಯ ಆಳಕ್ಕೆ ಹೋಗಿ ಕುಳಿತುಕೊಂಡಿತು. ಬೇಡ ಎಂದು ಅನಿಸುತ್ತಿರುವಾಗಲೇ ದನಿ ಹೊರಟಿತ್ತು.

"ನಾವು ಇಲ್ಲಿಂದ ಹೊರಡುತ್ತಿದ್ದೇವೆ. ಹಿಂತಿರುಗುವ ಉದ್ದೇಶವಿಲ್ಲ."

ಒಂದೊಂದು ಅಕ್ಷರವೂ ಸ್ಪಷ್ಟ. ನಾವು. ಅಷ್ಟು ವರ್ಷ ಬಾಯಿಗೆ ಬಾರದ ಆ ಮಾತು ಎಷ್ಟು ಸಲೀಸಾಗಿ ಬಂತು. ಒಳಗೆ ಸಾಹೇಬ ತಲೆಯೆತ್ತಿ ನೋಡಿ, ತಲೆಯಾಡಿಸಿದ. ಗುಮಾಸ್ತ ಮುದ್ರೆ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಅವಳ ಮುಖವನ್ನೇ ದಿಟ್ಟಿಸಿದ, ಅವನ ಬಾಯಿ ಸ್ವಲ್ಪ ತೆರೆದಿತ್ತು. ಆಮೇಲೆ ಮುದ್ರೆ ಬಿತ್ತು. ಒಂದು, ಮಗಳದಕ್ಕೆ ಇನ್ನೊಂದು. ಕಾಗದಗಳನ್ನು ಎರಡೂ ಕೈಯಲ್ಲಿ ಎತ್ತಿ, ದೊಡ್ಡವರಿಗೆ ಕೊಡುವ ಹಾಗೆ, ಕಂಡಿಯಿಂದ ಹೊರಗೆ ನೀಡಿದ. ಆಯಿತು. ಬೇಕಾಗಿದ್ದುದು ಸಿಕ್ಕಿತು. ಅವಳು ತಿರುಗಿದಳು.

ಸಾಲಿನಲ್ಲಿದ್ದವರೆಲ್ಲ ಅವಳ ಕಡೆಗೇ ತಿರುಗಿದ್ದರು. ಎದುರಿನ ಅಂಗಡಿಯವನು ರೇಡಿಯೋ ಆರಿಸಿ, ಎಣ್ಣೆಗೈಯಲ್ಲಿ ರಸ್ತೆಯ ಅರ್ಧದವರೆಗೆ ಬಂದು ನಿಂತಿದ್ದ. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು, ಕಲ್ಲಿಗೂ ಸಿದ್ಧಳಾಗಿದ್ದಳು, ನಿಜ ಹೇಳಬೇಕೆಂದರೆ ಆಸೆಪಟ್ಟಿದ್ದಳು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಗಡಿಯಾರದವನ ಮುಖದಲ್ಲಿ, ಬಹಳ ದಿನದಿಂದ ಹೊತ್ತಿದ್ದ ಭಾರವನ್ನು ಯಾರೋ ಇಳಿಸಿಕೊಟ್ಟ ನೆಮ್ಮದಿ ಇತ್ತು. "ಅಮ್ಮಾ," ಎಂದ, ಈಗ ಅಕ್ಕ ಹೋಗಿ ಅಮ್ಮ ಆಗಿತ್ತು, ದನಿಯೂ ತಗ್ಗಿತ್ತು. "ನೀವೇ ಹೇಳಿದ ಮೇಲೆ ಇನ್ನೇನಿದೆ. ಮನೇಲಿ ಹೇಳ್ತೀನಿ. ಈಗ ಒಪ್ತಾಳೆ ಅವಳು." ಅವನ ಹಿಂದಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬ, ಬೆಳಿಗ್ಗೆಯಿಂದ ವಾಪಸ್ ಹೋಗಲೋ ಬೇಡವೋ ಎಂದು ಸಾಲಿನ ಹೊರಗೆ ಒಂದು ಕಾಲಿಟ್ಟು ನಿಂತಿದ್ದವನು, ಆ ಕಾಲನ್ನು ಒಳಗೆ ತೆಗೆದುಕೊಂಡ. ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಪಕ್ಕದ ಅಂಗಡಿಯ ಕಡೆ ಹೋದ, ಅಲ್ಲಿಂದ ಇನ್ನೊಬ್ಬರು ತಲೆ ಹೊರಹಾಕಿದರು. ಮಾತು ಅಂಗಡಿಯಿಂದ ಅಂಗಡಿಗೆ ದಾಟುತ್ತಿರುವುದು ಅವಳ ಕಣ್ಣೆದುರೇ ಕಾಣುತ್ತಿತ್ತು. ಸಂಜೆಯೊಳಗೆ ಅದು ಕೆಳಗಿನ ಮನೆಗೂ ತಲುಪುತ್ತದೆ. ದರ್ಜಿಯ ಹೆಂಡತಿ ಅದನ್ನೂ ನಂಬುತ್ತಾಳೆ.

"ಏನಂತೆ?" ಎಂದಳು ಬೆಂಚಿನ ಮುದುಕಿ. "ರೇಡಿಯೋದಮ್ಮ ಬದುಕಿದ್ದಾರಾ? ಏನಂದ್ರಂತೆ?"

ಈ ಸಲ ಗಡಿಯಾರದವನೇ ಬಗ್ಗಿ, ಮುದುಕಿಯ ಕಿವಿಯ ಹತ್ತಿರ ಹೇಳಿದ: "ಎಲ್ಲರೂ ಹೊರಡಬೇಕಂತೆ, ಅಜ್ಜಿ."

ಅಲ್ಲ. ಹಾಗಲ್ಲ. ನಾನು ಹೇಳಿದ್ದು ಹಾಗಲ್ಲ, ನಾವು ಎಂದರೆ ನಾನು, ನನ್ನ ಗಂಡ, ನನ್ನ ಮಗಳು. ಇಷ್ಟು ಜನರ ನಡುವೆ ಒಂದೇ ಒಂದು ಮಾತು ಸರಿಯಾಗಿ ಹೇಳಬೇಕಿತ್ತು, ಮಾರುಕಟ್ಟೆ ಶಾಂತವಾಗಿರಲಿಲ್ಲ ಎಂದೋ, ಹೋಗಬೇಡಿ ಎಂದೋ, ಹೋಗಿ ಎಂದೋ, ನನ್ನನ್ನು ನಂಬಬೇಡಿ ಎಂದೋ. ಯಾವುದು ಸರಿ ಎಂದು ಅವಳಿಗೆ ತಿಳಿಯಲಿಲ್ಲ. ಬಾಯಿ ತೆರೆದಾಗ ನಾಲಗೆಗೆ ಸಿಕ್ಕಿದ್ದು ಅಭ್ಯಾಸದ ಒಂದೇ ಪದ.

"ಕ್ಷಮಿಸಿ," ಎಂದಳು.

ಅದೇ ದನಿ, ವಾರ್ತೆಯ ನಡುವೆ ಬರುವ ಅದೇ ದನಿ. ರೇಡಿಯೋ ಕೇಳಿ ಬೆಳೆದವರಿಗೆಲ್ಲ ಗೊತ್ತಿತ್ತು, ಆ ಪದ ಬಂದರೆ ಅದರ ಹಿಂದೆ ಸರಿಯಾದ ವಾಕ್ಯ ಬರುತ್ತದೆ. ಎಲ್ಲರೂ ತಲೆ ಸ್ವಲ್ಪ ವಾಲಿಸಿ ಅವಳ ಕಡೆ ಕಿವಿಗೊಟ್ಟು ನಿಂತರು. ರಸ್ತೆಯ ಆಚೆ ಅಂಗಡಿಯವರೂ ನಿಂತರು. ಗಾಜಿನ ಹಿಂದೆ ಗುಮಾಸ್ತನೂ ಎದ್ದು ನಿಂತಿದ್ದ.

"ಏನಂತೆ?" ಎಂದಳು ಮುದುಕಿ.

"ಇರಿ ಅಜ್ಜಿ," ಎಂದ ಗಡಿಯಾರದವ, ಅವಳ ಮುಖದಿಂದ ಕಣ್ಣು ತೆಗೆಯದೆ. "ಹೇಳ್ತಾರೆ."